ಕಿಣ್ವಕ್ಕೆ ಹಾಲಿನ ಅಳತೆಗೋಲು



ಊಟದ ಹೊತ್ತು ಸಮೀಪಿಸುತ್ತಿರುವಾಗ ರಸಾಯನಶಾಸ್ತ್ರದ ಮಾತೆತ್ತುವುದು ಅಷ್ಟೇನೂ ಉಚಿತವಲ್ಲವೆಂದು ನಾವು ಬಲ್ಲೆವು. ಆದರೆ ಇಂದಿನ ವಿಷಯ ಅಡುಗೆಮನೆಯ ಹಾಲಿನ ಪಾತ್ರೆಯಿಂದಲೇ ಹೊರಟು ಔಷಧದ ಶೀಶೆಯವರೆಗೆ ಹೋಗುವಂಥದು. ಆದ್ದರಿಂದ ತಮ್ಮ ಕ್ಷಮೆ ನಮಗೆ ಸುಲಭವಾಗಿಯೇ ದೊರೆಯುವುದೆಂದು ನಂಬಿದ್ದೇವೆ.

ನಮ್ಮಂತೆ ಪರದೇಶದಲ್ಲಿ ನೆಲೆಸಿದ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಮನೆಯ ಹಿರಿಯರಿಗೆ ಮೇದೋಜೀರಕ ಗ್ರಂಥಿ ಸೊರಗಿದೆ. ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಗ್ರಂಥಿ ತಾನಾಗಿ ಸುರಿಸಬೇಕಾದ ಕಿಣ್ವಗಳನ್ನು, ಅಂದರೆ ಎನ್‌ಜೈಮುಗಳನ್ನು, ಪ್ರತಿ ಊಟದೊಡನೆ ಗುಳಿಗೆಯ ರೂಪದಲ್ಲಿ ಕೊಡಬೇಕಾಗಿದೆ. ಸಂಸಾರ ಇಂಗ್ಲೆಂಡಿನಲ್ಲಿದ್ದಾಗ ಶೀಶೆಯ ಮೇಲೆ ‘ಪ್ರೋಟಿಯೇಸ್ 1,000 ಯೂನಿಟ್’ ಎಂದು ಬರೆದಿತ್ತು. ಮಗನಿಗೆ ಅಮೆರಿಕದಲ್ಲಿ ಕೆಲಸವಾಯಿತು. ಅಲ್ಲಿ ಕೊಂಡ ಹೊಸ ಶೀಶೆಯ ಮೇಲೆ ‘ಪ್ರೋಟಿಯೇಸ್ 76,000 ಯೂನಿಟ್’ ಎಂದಿದೆ. ಸೊಸೆ ಎರಡು ಶೀಶೆಗಳನ್ನೂ ಕೈಯಲ್ಲಿ ಹಿಡಿದು ಗಾಬರಿಯಾಗುತ್ತಾಳೆ. ಮಾವನವರಿಗೆ ಎಪ್ಪತ್ತಾರು ಪಾಲು ಹೆಚ್ಚು ಔಷಧ ಕೊಡುತ್ತಿದ್ದೇವೆಯೆ? ಇಲ್ಲವೆ ಇಷ್ಟು ವರ್ಷ ಕೊಟ್ಟದ್ದೇ ಸಾಲದಾಗಿತ್ತೆ?

ಸಂಸಾರ ಕಲ್ಪಿತವಾದರೂ ಅಂಕಿಗಳು ಕಲ್ಪಿತವಲ್ಲ. ಇಂಥ ಬರಹವುಳ್ಳ ಗುಳಿಗೆಗಳು ಎರಡು ದೇಶಗಳಲ್ಲಿಯೂ ಉಂಟು. ಆ ಸೊಸೆಯ ಪ್ರಶ್ನೆಗೆ ಉತ್ತರ ಅಡಗಿರುವುದು ಹಾಲಿನಲ್ಲಿ. ಅದನ್ನು ಹಂತಹಂತವಾಗಿ ತಿಳಿದುಕೊಳ್ಳೋಣ.

ತೂಕವಲ್ಲ, ಕೆಲಸ

ಅಕ್ಕಿಯನ್ನೂ ಬೆಲ್ಲವನ್ನೂ ತೂಗಿ ಕೊಳ್ಳುತ್ತೇವೆ. ಕಿಣ್ವವನ್ನು ಹಾಗೆ ತೂಗಿ ಪ್ರಯೋಜನವಿಲ್ಲ. ಮೊದಲನೆಯದಾಗಿ, ಔಷಧಕ್ಕೆ ಬಳಸುವ ಪುಡಿ ಒಂದೇ ವಸ್ತುವಲ್ಲ. ಅದರಲ್ಲಿ ಹಲವು ಕಿಣ್ವಗಳೂ ಕಿಣ್ವಗಳಲ್ಲದ ಬೇರೆ ಪದಾರ್ಥಗಳೂ ಬೆರೆತಿರುತ್ತವೆ. ಎರಡನೆಯದಾಗಿ, ಕಿಣ್ವವು ಅತಿ ನಾಜೂಕಾದ ಪ್ರೋಟೀನು. ಸೆಕೆ, ತೇವ, ಕಾಲಾವಧಿ ಇವುಗಳಿಂದ ಅದರ ಮಡಿಕೆ ಕೆಟ್ಟರೆ ಶಕ್ತಿ ಉಡುಗಿಹೋಗುತ್ತದೆ, ಆದರೆ ತೂಕದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಸತ್ತ ಕಿಣ್ವಕ್ಕೂ ಬದುಕಿದ ಕಿಣ್ವಕ್ಕೂ ತಕ್ಕಡಿಯಲ್ಲಿ ಭೇದವಿಲ್ಲ.

ಗದ್ದೆ ಕೊಯ್ಯಲು ಬಂದ ಆಳಿನ ಮೈತೂಕ ಕೇಳಿ ಯಾರೂ ಕೂಲಿ ಗೊತ್ತುಮಾಡುವುದಿಲ್ಲ. ಹೊತ್ತು ಮುಳುಗುವುದರೊಳಗೆ ಎಷ್ಟು ಕೊಯ್ದ ಎಂದು ನೋಡುತ್ತೇವೆ. ಕಿಣ್ವದ ಲೆಕ್ಕವೂ ಹಾಗೆಯೇ. ಗೊತ್ತಾದ ಒಂದು ಪದಾರ್ಥವನ್ನು ಅದರ ಮುಂದಿಟ್ಟು, ಗೊತ್ತಾದ ಹೊತ್ತಿನಲ್ಲಿ ಎಷ್ಟನ್ನು ಮಾರ್ಪಡಿಸಿತು ಎಂದು ಅಳೆಯುತ್ತಾರೆ. ಈ ಕೆಲಸದ ಅಳತೆಗೆ ‘ಯೂನಿಟ್’ ಅಥವಾ ಏಕಮಾನವೆಂದು ಹೆಸರು. 1961ರಲ್ಲಿ ಅಂತಾರಾಷ್ಟ್ರೀಯ ಕಿಣ್ವ ಆಯೋಗವು ಒಂದು ಸಾಮಾನ್ಯ ಸೂತ್ರವನ್ನು ಸೂಚಿಸಿತು: ನಿಗದಿಯಾದ ಪರಿಸ್ಥಿತಿಯಲ್ಲಿ ನಿಮಿಷಕ್ಕೆ ಒಂದು ಮೈಕ್ರೋಮೋಲಿನಷ್ಟು ಪದಾರ್ಥವನ್ನು ಮಾರ್ಪಡಿಸುವ ಕಿಣ್ವವೇ ಒಂದು ಯೂನಿಟ್. ಮೋಲ್ ಎನ್ನುವುದು ಡಜನ್ ಇದ್ದಂತೆ, ಅಣುಗಳನ್ನು ಎಣಿಸುವ ಒಂದು ದೊಡ್ಡ ಲೆಕ್ಕ. ಮೈಕ್ರೋಮೋಲ್ ಅದರ ಹತ್ತು ಲಕ್ಷದಲ್ಲೊಂದು ಪಾಲು.

ಆದರೆ ಒಂದು ತೊಡಕು. ಒಬ್ಬ ಆಳಿಗೆ ಹದವಾಗಿ ಮಾಗಿದ ಗದ್ದೆ, ಇನ್ನೊಬ್ಬನಿಗೆ ಮಳೆಗೆ ಮಲಗಿದ ಪೈರು ಕೊಟ್ಟರೆ ಹೋಲಿಕೆ ನ್ಯಾಯವಾದೀತೆ? ಎಲ್ಲರಿಗೂ ಒಂದೇ ಬಗೆಯ ಗದ್ದೆ ಬೇಕು. ಔಷಧಸಂಹಿತೆಗಳು ಕಿಣ್ವಗಳಿಗಾಗಿ ಆರಿಸಿಕೊಂಡ ‘ಗದ್ದೆ’ಗಳು ನಮಗೆಲ್ಲ ಪರಿಚಿತವಾದವು. ಕೊಬ್ಬನ್ನು ಅರಗಿಸುವ ಲೈಪೇಸಿಗೆ ಆಲಿವ್ ಎಣ್ಣೆ, ಪಿಷ್ಟವನ್ನು ಅರಗಿಸುವ ಅಮೈಲೇಸಿಗೆ ಪಿಷ್ಟ, ಪ್ರೋಟೀನನ್ನು ಕತ್ತರಿಸುವ ಪ್ರೋಟಿಯೇಸಿಗೆ ಹಾಲಿನ ಕೇಸೀನ್. ಮೂರೂ ಅಡುಗೆಮನೆಯ ಸಾಮಗ್ರಿಗಳೇ.

ಹಾಲೇ ಏಕೆ?

ಹಸುವಿನ ಹಾಲಿನಲ್ಲಿ ನೂರಕ್ಕೆ ಮೂರು ಭಾಗಕ್ಕಿಂತ ತುಸು ಹೆಚ್ಚು ಪ್ರೋಟೀನಿದೆ. ಅದರಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಕೇಸೀನ್, ಉಳಿದದ್ದು ಹಾಲೊಡಕಿನ ಪ್ರೋಟೀನು. ಕೇಸೀನ್ ಹಾಲಿನಲ್ಲಿ ಬಿಡಿಬಿಡಿಯಾಗಿ ಕರಗಿರುವುದಿಲ್ಲ. ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನೊಡನೆ ಕೂಡಿ, ಕಣ್ಣಿಗೆ ಕಾಣದ ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಬೆಳಕು ಈ ಉಂಡೆಗಳಿಗೂ ಕೊಬ್ಬಿನ ಹನಿಗಳಿಗೂ ತಾಗಿ ಚದುರುವುದರಿಂದ ಹಾಲಿಗೆ ಬಿಳಿಯ ಬಣ್ಣ.

ಹಾಲಿಗೆ ಹುಳಿ ಬಿದ್ದರೆ ಒಡೆಯುತ್ತದೆಂಬುದು ನಮ್ಮ ತಾಯಂದಿರಿಗೆ ಯಾವ ಪ್ರಯೋಗಶಾಲೆಯೂ ಕಲಿಸಬೇಕಾಗದ ಸಂಗತಿ. ಈ ಉಂಡೆಗಳ ಮೈಮೇಲೆ ಋಣ ವಿದ್ಯುತ್ತಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತ ತೇಲಿಕೊಂಡಿರುತ್ತವೆ. ಆಮ್ಲ ಬೆರೆಸಿದಂತೆ ಆ ವಿದ್ಯುತ್ತು ತಗ್ಗುತ್ತದೆ. ಹುಳಿಯ ಅಳತೆಯಾದ ಪಿಎಚ್ 4.6ಕ್ಕೆ ಇಳಿದಾಗ ಕೇಸೀನಿನ ಮೇಲಿನ ಧನ ಋಣಗಳೆರಡೂ ಸರಿಸಮವಾಗಿ, ತಳ್ಳುವ ಬಲ ಇಲ್ಲವಾಗಿ, ಕೇಸೀನ್ ಗಟ್ಟಿಯಾಗಿ ಬೇರ್ಪಡುತ್ತದೆ. ಹೆಪ್ಪು ಹಾಕಿದ ಹಾಲು ಮೊಸರಾಗುವಾಗಲೂ ಆಮ್ಲದ್ದೇ ಕೆಲಸ. ಅಲ್ಲಿ ನಿಂಬೆಯ ಬದಲು ಸೂಕ್ಷ್ಮಜೀವಿಗಳು ನಿಧಾನವಾಗಿ ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸುತ್ತವೆ.

ಕೇಸೀನನ್ನು ಅಳತೆಗೋಲಾಗಿ ಆರಿಸಲು ಅದು ಸುಲಭವಾಗಿ ಸಿಗುತ್ತದೆಂಬುದಷ್ಟೇ ಕಾರಣವಲ್ಲ. ಬಹುಪಾಲು ಪ್ರೋಟೀನುಗಳು ಬಿಗಿಯಾಗಿ ಸುತ್ತಿದ ನೂಲಿನ ಉಂಡೆಯಂತೆ ಮಡಿಚಿಕೊಂಡಿರುತ್ತವೆ. ಕತ್ತರಿಸಬಂದ ಕಿಣ್ವಕ್ಕೆ ಎಳೆಯ ತುದಿಯೇ ಸಿಗುವುದಿಲ್ಲ. ಕೇಸೀನಿನಲ್ಲಿ ಪ್ರೋಲೀನ್ ಎಂಬ ಅಮೈನೋ ಆಮ್ಲ ಹೇರಳವಾಗಿರುವುದರಿಂದ ಅದರ ಎಳೆ ಅಂಥ ಬಿಗಿಯಾದ ಮಡಿಕೆಗೆ ಒಗ್ಗದೆ ಸಡಿಲವಾಗಿಯೇ ಉಳಿಯುತ್ತದೆ. ಕಿಣ್ವಕ್ಕೆ ಕತ್ತರಿ ಹಾಕಲು ಎಲ್ಲೆಡೆಯೂ ಜಾಗ. ಕರುವಿನ ಹೊಟ್ಟೆಯಲ್ಲಿ ಬೇಗ ಅರಗಲೆಂದು ಪ್ರಕೃತಿ ರೂಪಿಸಿದ ಆಹಾರವು ಪ್ರಯೋಗಶಾಲೆಯ ಪ್ರನಾಳದಲ್ಲಿಯೂ ಅದೇ ಗುಣದಿಂದ ಉಪಯೋಗಕ್ಕೆ ಬಂತು.

ಶುದ್ಧೀಕರಣದ ಕಥೆ

ಹಾಗಾದರೆ ಹಾಲನ್ನೇ ನೇರವಾಗಿ ಬಳಸಬಾರದೇಕೆ? ಹಾಲಿನಲ್ಲಿ ಕೊಬ್ಬಿದೆ, ಸಕ್ಕರೆಯಿದೆ, ಹಾಲೊಡಕಿನ ಪ್ರೋಟೀನುಗಳಿವೆ. ಸಾಲದ್ದಕ್ಕೆ ಪ್ಲಾಸ್ಮಿನ್ ಎಂಬ ಹಾಲಿನದೇ ಪ್ರೋಟಿಯೇಸ್ ಒಂದಿದೆ; ನಾವು ಅಳೆಯಹೊರಟ ಕಿಣ್ವಕ್ಕಿಂತ ಮುಂಚೆಯೇ ಅದು ಕತ್ತರಿಸತೊಡಗಿರುತ್ತದೆ. ಹಸುವಿನ ಮೇವು, ಋತು, ಕರು ಹಾಕಿದ ಮೇಲೆ ಕಳೆದ ದಿನಗಳು ಇವುಗಳಿಗೆ ತಕ್ಕಂತೆ ಹಾಲೂ ಬದಲಾಗುತ್ತದೆ. ಇಂಥ ವಸ್ತು ಅಳತೆಗೋಲಾಗಲಾರದು.

ಈ ತೊಡಕನ್ನು ಬಿಡಿಸುವುದರಲ್ಲಿ ಹೆಸರಾದವರು ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾನಿಲಯದ ಓಲೋಫ್ ಹಮ್ಮಾರ್‌ಸ್ಟೆನ್. 1841ರಲ್ಲಿ ಹುಟ್ಟಿ 1932ರವರೆಗೆ ಬದುಕಿದ ಈ ವಿದ್ವಾಂಸರು 1870ರ ದಶಕದಿಂದ ಹಾಲು ಹೆಪ್ಪುಗಟ್ಟುವ ಬಗೆಯನ್ನು ಅಭ್ಯಸಿಸಿದರು. ಅವರ ಹಾದಿಯ ಸಾರಾಂಶವಿಷ್ಟು: ಕೆನೆ ತೆಗೆದ ಹಾಲಿಗೆ ತೆಳುವಾದ ಆಮ್ಲ ಬೆರೆಸಿ ಕೇಸೀನನ್ನು ಬೇರ್ಪಡಿಸುವುದು, ನೀರಿನಲ್ಲಿ ಚೆನ್ನಾಗಿ ತೊಳೆಯುವುದು, ತೆಳುವಾದ ಕ್ಷಾರದಲ್ಲಿ ಕರಗಿಸಿ ಮತ್ತೆ ಆಮ್ಲದಿಂದ ಒಡೆಸುವುದು, ಹೀಗೆಯೇ ಪುನಃ ಪುನಃ ಮಾಡಿ, ಕಡೆಗೆ ಮದ್ಯಸಾರ ಮತ್ತು ಈಥರಿನಿಂದ ತೊಳೆದು ಉಳಿದ ಕೊಬ್ಬನ್ನು ಕಳೆಯುವುದು. ಕೊನೆಗೆ ದೊರೆಯುವುದು ನಯವಾದ ಬಿಳಿಯ ಪುಡಿ. ಇಂದಿಗೂ ಪ್ರಯೋಗಶಾಲೆಗಳಿಗೆ ಮಾರುವ ಉತ್ತಮ ದರ್ಜೆಯ ಕೇಸೀನಿನ ಡಬ್ಬಿಯ ಮೇಲೆ ಹಮ್ಮಾರ್‌ಸ್ಟೆನ್ನರ ಹೆಸರು ಇರುವುದುಂಟು.

ನಾವು ಮನೆಯಲ್ಲಿ ಕುದಿಯುವ ಹಾಲಿಗೆ ನಿಂಬೆರಸ ಹಿಂಡಿ ಮಾಡುವ ಪನೀರಿಗೂ ಇದಕ್ಕೂ ಒಂದು ಮುಖ್ಯ ಭೇದವನ್ನು ಗಮನಿಸಬೇಕು. ಕುದಿಯುವ ಶಾಖಕ್ಕೆ ಹಾಲೊಡಕಿನ ಪ್ರೋಟೀನುಗಳ ಮಡಿಕೆ ಬಿಚ್ಚಿ ಅವೂ ಕೇಸೀನಿಗೆ ಅಂಟಿಕೊಳ್ಳುತ್ತವೆ. ಅಡುಗೆಗೆ ಅದು ಲಾಭವೇ. ಅಳತೆಗೋಲಿಗೆ ಮಾತ್ರ ಅದು ಕಲಬೆರಕೆ.

ಅಳೆಯುವ ಬಗೆ

ಸಾಮಾನ್ಯವಾಗಿ ಅನುಸರಿಸುವ ಒಂದು ಕ್ರಮವನ್ನು ವಿವರಿಸುತ್ತೇವೆ. ಮಿಶ್ರಣದ ಹುಳಿ ಏರದಂತೆ, ಇಳಿಯದಂತೆ ಕಾಯುವ ಫಾಸ್ಫೇಟ್ ದ್ರಾವಣವೊಂದನ್ನು ಪಿಎಚ್ 7.5ಕ್ಕೆ ಹೊಂದಿಸಿ, ಅದರಲ್ಲಿ ನೂರಕ್ಕೆ 0.65 ಭಾಗದಷ್ಟು ಕೇಸೀನನ್ನು ಮೆಲ್ಲಗೆ ಬಿಸಿಮಾಡಿ ಕರಗಿಸುತ್ತಾರೆ. ಅದನ್ನು ನಮ್ಮ ಮೈಯ ಉಷ್ಣತೆಯಾದ 37 ಡಿಗ್ರಿ ಸೆಲ್ಸಿಯಸ್‌ಗೆ ತಂದು, 5 ಮಿಲಿಲೀಟರ್ ಕೇಸೀನಿಗೆ 1 ಮಿಲಿಲೀಟರ್ ಕಿಣ್ವದ ದ್ರಾವಣ ಬೆರೆಸಿ, ಗಡಿಯಾರ ನೋಡಿಕೊಂಡು 10 ನಿಮಿಷ ಬಿಡುತ್ತಾರೆ.

ಹತ್ತನೆಯ ನಿಮಿಷಕ್ಕೆ 5 ಮಿಲಿಲೀಟರ್ ಟ್ರೈಕ್ಲೋರೋ ಅಸಿಟಿಕ್ ಆಮ್ಲ ಸುರಿಯುತ್ತಾರೆ. ಈ ತೀಕ್ಷ್ಣ ಆಮ್ಲ ಎರಡು ಕೆಲಸಗಳನ್ನು ಒಟ್ಟಿಗೇ ಮಾಡುತ್ತದೆ. ಕಿಣ್ವವನ್ನು ಅಲ್ಲಿಗೇ ನಿಲ್ಲಿಸುತ್ತದೆ. ಇನ್ನೂ ಕತ್ತರಿಸದೆ ಉಳಿದ ಕೇಸೀನನ್ನು ಗಟ್ಟಿಯಾಗಿಸಿ ಕೆಳಗಿಳಿಸುತ್ತದೆ. ಕಿಣ್ವವು ಕತ್ತರಿಸಿ ಬಿಡಿಸಿದ ಸಣ್ಣ ತುಂಡುಗಳು ಮಾತ್ರ ತಿಳಿಯಲ್ಲಿ ಕರಗಿ ಉಳಿಯುತ್ತವೆ. ಸೋಸಿದರೆ ಮಾಡಿದ ಕೆಲಸವೂ ಮಾಡದೆ ಉಳಿದದ್ದೂ ಬೇರೆ ಬೇರೆಯಾದಂತೆ.

ಇನ್ನು ತಿಳಿಯಲ್ಲಿರುವ ತುಂಡುಗಳನ್ನು ಎಣಿಸಬೇಕು. ಪ್ರೋಟೀನಿನ ಎಳೆಯಲ್ಲಿ ಟೈರೋಸೀನ್ ಎಂಬ ಅಮೈನೋ ಆಮ್ಲ ಅಲ್ಲಲ್ಲಿ ಪೋಣಿಸಿರುತ್ತದೆ. 1927ರಲ್ಲಿ ಫೋಲಿನ್ ಮತ್ತು ಸಿಯೊಕಾಲ್ಟ್ಯು ಎಂಬವರು ಪ್ರಕಟಿಸಿದ ಒಂದು ದ್ರಾವಣವು ಟೈರೋಸೀನಿನೊಡನೆ ಕೂಡಿ ನೀಲಿ ಬಣ್ಣ ಕೊಡುತ್ತದೆ. ತುಂಡುಗಳು ಹೆಚ್ಚಿದಷ್ಟೂ ನೀಲಿ ಗಾಢ. 660 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ಹೀರಲ್ಪಟ್ಟಿತು ಎಂದು ಯಂತ್ರದಿಂದ ಓದಿ, ಮೊದಲೇ ತೂಗಿ ಕರಗಿಸಿಟ್ಟ ಶುದ್ಧ ಟೈರೋಸೀನಿನ ಬಣ್ಣದೊಡನೆ ಹೋಲಿಸುತ್ತಾರೆ.

ಜತೆಯಲ್ಲಿ ಮತ್ತೊಂದು ಪ್ರನಾಳವನ್ನೂ ಇಟ್ಟಿರುತ್ತಾರೆ. ಅದಕ್ಕೆ ಮೊದಲು ಆಮ್ಲ, ಅನಂತರ ಕಿಣ್ವ. ಅಲ್ಲಿ ಕಿಣ್ವಕ್ಕೆ ಕೆಲಸ ಮಾಡುವ ಅವಕಾಶವೇ ಇರುವುದಿಲ್ಲ. ಆದರೂ ಅಲ್ಲಿ ಒಂದಿಷ್ಟು ನೀಲಿ ಕಂಡರೆ ಅದು ಕೇಸೀನಿನಲ್ಲಿಯೋ ಕಿಣ್ವದ ಪುಡಿಯಲ್ಲಿಯೋ ಮೊದಲೇ ಇದ್ದ ಚೂರುಗಳದ್ದು. ಅದನ್ನು ಲೆಕ್ಕದಿಂದ ಕಳೆಯಬೇಕು. ಕೇಸೀನ್ ಶುದ್ಧವಾಗಿದ್ದಷ್ಟೂ ಈ ಕಳೆಯುವ ಲೆಕ್ಕ ಚಿಕ್ಕದು, ಉತ್ತರ ನಂಬಲರ್ಹ. ಶುದ್ಧೀಕರಣಕ್ಕೆ ಅಷ್ಟು ಶ್ರಮಪಡುವುದು ಇದಕ್ಕಾಗಿಯೇ.

ಒಂದು ಚಿಕ್ಕ ಲೆಕ್ಕ ಮಾಡೋಣ. ಸೋಸಿದ ತಿಳಿಯಲ್ಲಿ 2 ಮಿಲಿಲೀಟರ್ ತೆಗೆದು ನೋಡಿದಾಗ 0.2 ಮೈಕ್ರೋಮೋಲ್ ಟೈರೋಸೀನಿಗೆ ಸಮನಾದ ಬಣ್ಣ ಬಂತೆನ್ನೋಣ. ಒಟ್ಟು ಮಿಶ್ರಣ 5, 1, 5 ಕೂಡಿ 11 ಮಿಲಿಲೀಟರ್. ಆದ್ದರಿಂದ ಒಟ್ಟು 1.1 ಮೈಕ್ರೋಮೋಲ್. ಅದು 10 ನಿಮಿಷದ ದುಡಿಮೆ, ಎಂದರೆ ನಿಮಿಷಕ್ಕೆ 0.11. ನಾವು ಹಾಕಿದ 1 ಮಿಲಿಲೀಟರ್ ಕಿಣ್ವದ ದ್ರಾವಣದಲ್ಲಿ 0.11 ಯೂನಿಟ್ ಇತ್ತೆಂದು ತೀರ್ಮಾನ. ಪ್ರೌಢಶಾಲೆಯ ಮಕ್ಕಳೂ ಮಾಡಬಹುದಾದ ಗುಣಾಕಾರ ಭಾಗಾಕಾರವಿಷ್ಟೆ.

ಪ್ರಿನ್ಸ್‌ಟನ್ನಿನಿಂದ ಹುರುಳಿಯವರೆಗೆ

ಬಣ್ಣದ ಹಂಗಿಲ್ಲದೆಯೂ ಅಳೆಯುವುದುಂಟು. ಟೈರೋಸೀನ್ ಮತ್ತು ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲಗಳು 280 ನ್ಯಾನೋಮೀಟರಿನ ಅತಿನೇರಳೆ ಬೆಳಕನ್ನು ತಾವೇ ಹೀರುತ್ತವೆ. ಸೋಸಿದ ತಿಳಿಯನ್ನು ಆ ಬೆಳಕಿನಲ್ಲಿ ಓದುವ ಕ್ರಮವನ್ನು 1947ರಲ್ಲಿ ಪ್ರಕಟಿಸಿದವರು ಮೋಸೆಸ್ ಕುನಿಟ್ಜ್. ಅವರು ನ್ಯೂಜೆರ್ಸಿಯ ಪ್ರಿನ್ಸ್‌ಟನ್ನಿನಲ್ಲಿದ್ದ ರಾಕ್‌ಫೆಲ್ಲರ್ ಸಂಸ್ಥೆಯ ಶಾಖೆಯಲ್ಲಿ ದುಡಿದವರು. ಅದೇ 1947ರಲ್ಲಿ ಕೇಸೀನಿಗೆ ಬಣ್ಣವನ್ನೇ ಅಂಟಿಸಿದ ‘ಅಜೋಕೇಸೀನ್’ ವಿಧಾನವೂ ಪ್ರಕಟವಾಯಿತು. ಅಲ್ಲಿ ಕತ್ತರಿಸಿದ ತುಂಡುಗಳೊಡನೆ ಬಣ್ಣವೂ ತಿಳಿಗೆ ಬರುತ್ತದೆ.

ಕುನಿಟ್ಜರಿಗೆ ಈ ಅಳತೆ ಬೇಕಾದದ್ದು ಸೋಯಾ ಅವರೆಗಾಗಿ. ಹಸಿ ಸೋಯಾದಲ್ಲಿ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವದ ಕೈಕಟ್ಟುವ ಪ್ರೋಟೀನೊಂದಿದೆ. ಗೊತ್ತಾದಷ್ಟು ಟ್ರಿಪ್ಸಿನಿಗೆ ಈ ತಡೆಕಾರಕವನ್ನು ಬೆರೆಸಿ, ಕೇಸೀನ್ ಕತ್ತರಿಸುವ ಕೆಲಸ ಎಷ್ಟು ಕುಗ್ಗಿತೆಂದು ನೋಡಿದರೆ ತಡೆಕಾರಕದ ಬಲ ತಿಳಿಯುತ್ತದೆ. ನಮ್ಮ ಹುರುಳಿಯಲ್ಲಿಯೂ ಇದೇ ಕೆಲಸ ಮಾಡುವ ಬೇರೊಂದು ಬಗೆಯ ಪ್ರೋಟೀನುಗಳಿವೆ; ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಅವುಗಳ ಅಧ್ಯಯನ ನಡೆದಿದೆ. ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸುವ ನಮ್ಮ ಮನೆಗಳ ರೂಢಿ ಇಂಥ ತಡೆಕಾರಕಗಳ ಬಲವನ್ನು ಕುಗ್ಗಿಸುತ್ತದೆ. ಅಜ್ಜಿಯರಿಗೆ ಅನುಭವದಿಂದ ತಿಳಿದಿದ್ದ ಮಾತಿಗೆ ಪ್ರನಾಳವು ಅಂಕಿಯನ್ನು ಒದಗಿಸಿತು.

ಅಳತೆಗೋಲಿನ ಮಿತಿ

ಒಂದು ಮಾತನ್ನು ಮರೆಮಾಚಬಾರದು. ಹಮ್ಮಾರ್‌ಸ್ಟೆನ್ನರು ಕೇಸೀನನ್ನು ಒಂದೇ ವಸ್ತುವೆಂದು ಭಾವಿಸಿದ್ದರು. 1939ರಲ್ಲಿ ಮೆಲ್ಲಾಂಡರ್ ಎಂಬವರು ವಿದ್ಯುತ್ತಿನ ನೆರವಿನಿಂದ ಅದನ್ನು ಆಲ್ಫಾ, ಬೀಟಾ, ಗಾಮಾ ಎಂದು ಬೇರ್ಪಡಿಸಿ ತೋರಿಸಿದರು. 1956ರಲ್ಲಿ ವಾ ಮತ್ತು ಫಾನ್ ಹಿಪ್ಪೆಲ್ ಎಂಬವರು ಕಾಪಾ ಕೇಸೀನನ್ನು ಗುರುತಿಸಿದರು. ಹಾಲಿನ ಉಂಡೆಗಳ ಹೊರಮೈಯನ್ನು ಕಾಯುವುದು ಈ ಕಾಪಾ. ಗಿಣ್ಣು ಅಥವಾ ಚೀಸ್ ತಯಾರಿಕೆಯಲ್ಲಿ ಬಳಸುವ ಕೈಮೋಸಿನ್ ಎಂಬ ಕಿಣ್ವವು ಈ ಕಾಪಾದ 105 ಮತ್ತು 106ನೆಯ ಅಮೈನೋ ಆಮ್ಲಗಳ ನಡುವೆ ಒಂದೇ ಕತ್ತರಿ ಹಾಕಿ, ಆಮ್ಲದ ನೆರವಿಲ್ಲದೆಯೇ ಹಾಲನ್ನು ಹೆಪ್ಪುಗಟ್ಟಿಸುತ್ತದೆ. ಹೀಗೆ ನಮ್ಮ ‘ಶುದ್ಧ’ ಅಳತೆಗೋಲು ನಾಲ್ಕು ಮುಖ್ಯ ಪ್ರೋಟೀನುಗಳ ಒಂದು ಕುಟುಂಬ.

ಅಲ್ಲದೆ, ಒಂದು ಕಿಣ್ವ ಕತ್ತರಿಸುವ ಜಾಗದಲ್ಲಿ ಇನ್ನೊಂದು ಕತ್ತರಿಸುವುದಿಲ್ಲ. ನಾವು ಎಣಿಸುವುದು ಟೈರೋಸೀನನ್ನೇ ಹೊರತು ಹಾಕಿದ ಕತ್ತರಿಗಳನ್ನಲ್ಲ. ಜಠರದ ಪೆಪ್ಸಿನ್ ದುಡಿಯುವುದು ಕಟು ಹುಳಿಯಲ್ಲಿ. ಹುಳಿಯಲ್ಲಿ ಒಡೆಯುವ ಕೇಸೀನ್ ಅದಕ್ಕೆ ತಕ್ಕ ಗದ್ದೆಯಲ್ಲವಾದ್ದರಿಂದ, 1938ರಲ್ಲಿ ಆನ್ಸನ್ ಪ್ರಕಟಿಸಿದ ಕ್ರಮದಂತೆ ರಕ್ತದ ಹೀಮೋಗ್ಲೋಬಿನನ್ನು ಬಳಸುತ್ತಾರೆ. ಆದುದರಿಂದ ‘ಇಷ್ಟು ಯೂನಿಟ್’ ಎಂಬ ಮಾತು ಒಂಟಿಯಾಗಿ ನಿಲ್ಲಲಾರದು. ಯಾವ ಪದಾರ್ಥದ ಮೇಲೆ, ಯಾವ ಉಷ್ಣತೆಯಲ್ಲಿ, ಯಾವ ಹುಳಿಯಲ್ಲಿ, ಯಾರ ವ್ಯಾಖ್ಯೆಯಂತೆ ಎಂಬುದು ಜತೆಗಿರಲೇಬೇಕು. ಊರಿಗೊಂದು ಬಗೆಯ ಸೇರು, ಕೊಳಗಗಳಿದ್ದ ಕಾಲವನ್ನು ಕಂಡ ಹಿರಿಯರಿಗೆ ಇದನ್ನು ನಾವು ಹೇಳಬೇಕಾಗಿಲ್ಲ. ‘ಹತ್ತು ಸೇರು’ ಎಂದರೆ ಸಾಲದು, ‘ಯಾವ ಊರಿನ ಸೇರು?’ ಎಂದು ಕೇಳಲೇಬೇಕಿತ್ತು.

ಮರಳಿ ಆ ಎರಡು ಶೀಶೆಗಳಿಗೆ

ಈಗ ಸೊಸೆಯ ಪ್ರಶ್ನೆಗೆ ಉತ್ತರ ಹೇಳಬಹುದು. ಅಮೆರಿಕದ ಔಷಧಸಂಹಿತೆಯ ಪ್ರಕಾರ, ನಿಮಿಷಕ್ಕೆ 15 ನ್ಯಾನೋಮೋಲ್ ಟೈರೋಸೀನಿಗೆ ಸಮನಾದ ತುಂಡುಗಳನ್ನು ಕೇಸೀನಿನಿಂದ ಬಿಡಿಸಿದರೆ ಒಂದು ಯೂನಿಟ್. ಒಂದು ಮೈಕ್ರೋಮೋಲ್ ಎಂದರೆ ಸಾವಿರ ನ್ಯಾನೋಮೋಲ್. ಅಂದಮೇಲೆ ಇದು ಬಹಳ ಚಿಕ್ಕ ಸೇರು. ಯುರೋಪಿನ ಔಷಧಸಂಹಿತೆಯೂ ಕೇಸೀನನ್ನೇ ಬಳಸುತ್ತದೆ, ಆದರೆ ಅದರ ಯೂನಿಟ್ ದೊಡ್ಡದು. ಯುರೋಪಿನ ಒಂದು ಪ್ರೋಟಿಯೇಸ್ ಯೂನಿಟ್ ಅಮೆರಿಕದ 62.5 ಯೂನಿಟ್‌ಗಳಿಗೆ ಸಮ. ಆದ್ದರಿಂದ ಇಂಗ್ಲೆಂಡಿನ ಶೀಶೆಯ 1,000 ಎಂದರೆ ಅಮೆರಿಕದ ಲೆಕ್ಕದಲ್ಲಿ 62,500. ಹೊಸ ಗುಳಿಗೆಯ 76,000ಕ್ಕೂ ಇದಕ್ಕೂ ಇರುವ ಅಂತರ ಎಪ್ಪತ್ತಾರು ಪಾಲಲ್ಲ, ಸುಮಾರು ಐದನೆಯ ಒಂದು ಪಾಲು ಮಾತ್ರ. ಅಮೈಲೇಸಿನ ಯೂನಿಟ್ಟೂ ಬೇರೆ: ಯುರೋಪಿನ ಒಂದಕ್ಕೆ ಅಮೆರಿಕದ 4.15. ಲೈಪೇಸಿನದು ಮಾತ್ರ ಎರಡೂ ಕಡೆ ಸಮ. ವೈದ್ಯರು ಇಂಥ ಗುಳಿಗೆಗಳ ಪ್ರಮಾಣವನ್ನು ಸಾಮಾನ್ಯವಾಗಿ ಲೈಪೇಸಿನ ಅಂಕಿಯಿಂದ ಹೇಳುವುದರಿಂದ, ಎರಡು ಶೀಶೆಗಳನ್ನು ಹೋಲಿಸುವಾಗ ಮೊದಲು ನೋಡಬೇಕಾದದ್ದು ಅದನ್ನೇ.

ಅಳತೆ ಸಡಿಲವಾದರೆ ಏನಾಗುತ್ತದೆಂಬುದಕ್ಕೂ ನಿದರ್ಶನವುಂಟು. ಅಮೆರಿಕದಲ್ಲಿ ಈ ಬಗೆಯ ಗುಳಿಗೆಗಳು ಬಹುಕಾಲ ಸರ್ಕಾರದ ವಿಧಿವತ್ತಾದ ಅನುಮೋದನೆಯಿಲ್ಲದೆಯೇ ಮಾರಾಟವಾಗುತ್ತಿದ್ದವು. ಒಂದು ತಯಾರಿಕೆಗೂ ಇನ್ನೊಂದಕ್ಕೂ ಶಕ್ತಿಯಲ್ಲಿ ಏರುಪೇರು ಕಂಡುಬಂದುದರಿಂದ, ಅನುಮೋದನೆ ಪಡೆಯಲೇಬೇಕೆಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು 2004ರಲ್ಲಿ ಪ್ರಕಟಿಸಿತು. 2010ರ ಏಪ್ರಿಲ್ ಬಳಿಕ ಅನುಮೋದನೆಯಿಲ್ಲದವುಗಳಿಗೆ ಅವಕಾಶವಿಲ್ಲದಾಯಿತು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುರೋಗವುಳ್ಳ ಮಕ್ಕಳು ಊಟವೂಟಕ್ಕೂ ಈ ಗುಳಿಗೆಯನ್ನೇ ನಂಬಿರುತ್ತಾರೆ. ಶಕ್ತಿ ಕಡಿಮೆಯಾದರೆ ಮಗು ಬೆಳೆಯದು. ಅತಿಯಾದರೆ ಬೇರೆ ಅಪಾಯ. ಶೀಶೆಯ ಮೇಲಿನ ಅಂಕಿ ಬರಿಯ ಅಂಕಿಯಲ್ಲ.

ಈ ಪುಡಿಯನ್ನು ಹಂದಿಯ ಮೇದೋಜೀರಕದಿಂದ ತೆಗೆಯುತ್ತಾರೆಂಬುದನ್ನೂ ಹೇಳಿಬಿಡುವುದು ಲೇಸು. ಸಸ್ಯಾಹಾರಿಗಳಾದ ನಮ್ಮಲ್ಲಿ ಅನೇಕರಿಗೆ ಇದು ಧರ್ಮಸಂಕಟವೇ ಸರಿ. ಆದರೆ ಅದನ್ನು ವೈದ್ಯರೊಡನೆ ಬಾಯಿಬಿಟ್ಟು ಮಾತನಾಡಿ ನಿರ್ಧರಿಸಬೇಕೇ ಹೊರತು, ಸದ್ದಿಲ್ಲದೆ ಗುಳಿಗೆ ನಿಲ್ಲಿಸುವುದು ಸಲ್ಲದು. ದೇಶ ಬದಲಾಯಿಸುವಾಗ ಹಳೆಯ ಶೀಶೆಯನ್ನು ಎಸೆಯದೆ ಹೊಸ ಊರಿನ ವೈದ್ಯರಿಗೂ ಔಷಧದಂಗಡಿಯವರಿಗೂ ತೋರಿಸಿರಿ. ಅಂಕಿಯನ್ನಷ್ಟೇ ನೋಡಿ ಗುಳಿಗೆಯ ಲೆಕ್ಕವನ್ನು ನಾವೇ ಹೆಚ್ಚುಕಡಿಮೆ ಮಾಡುವುದು ಬೇಡ. ಅಂಕಿಯ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಯಾವ ಸಂಹಿತೆಯ ಹೆಸರಿದೆ ಎಂದು ಓದುವ ಅಭ್ಯಾಸವಿರಲಿ.

ನಾಳೆ ಬೆಳಿಗ್ಗೆ ಒಲೆಯ ಮೇಲೆ ಹಾಲು ಒಡೆದರೆ ಬೇಸರ ಪಡಬೇಡಿ. ತೇಲುವ ಆ ಗಷ್ಟನ್ನೇ ಹಿಡಿದು ತೊಳೆದು, ಮತ್ತೆ ಕರಗಿಸಿ ಮತ್ತೆ ತೊಳೆದು, ಜಗತ್ತು ಒಂದು ಅಳತೆಗೋಲನ್ನು ಮಾಡಿಕೊಂಡಿತೆಂದು ನೆನೆಯಿರಿ.